ಸಿಂಪಲ್ಲಾ, ಕಾಂಪೌಂಡಾ, ಕಾಂಪ್ಲೆಕ್ಸಾ? ಮದ್ದೂರು ಗೇಟ್ ಉದಾಹರಣೆ ಸಾಕು

ಗುಂಡ್ಲುಪೇಟೆ: ಇಂಗ್ಲಿಷ್ ಪತ್ರದಲ್ಲಿ ಪದ ಗೊತ್ತಾಗದಿದ್ರೆ ಮೊಬೈಲಲ್ಲಿ ಅರ್ಥ ನೋಡಬಹುದು. ಪದ ಎಲ್ಲಾ ಗೊತ್ತಿದ್ದೂ ವಾಕ್ಯ ಅರ್ಥ ಆಗದಿದ್ರೆ? ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಇದು ಅಂಕದ ಪ್ರಶ್ನೆ. ಅಂಗಡಿ ಬಾಡಿಗೆ ಕರಾರಿಗೆ, ಸಾಲದ ಪತ್ರಕ್ಕೆ ಸಹಿ ಹಾಕೋರಿಗೆ ದುಡ್ಡಿನ ಪ್ರಶ್ನೆ.

ಮೊದಲು ‘ಯಾರು, ಏನು ಮಾಡಿದ್ರು’ ಅನ್ನೋ ಜೋಡಿ ಎಷ್ಟಿದೆ ಎಣಿಸಿ. ಒಂದು ಜೋಡಿ ಅಂದ್ರೆ ಒಂದು ಉಪವಾಕ್ಯ, ಅಂದ್ರೆ ಕ್ಲಾಜ್.

ಬಂಡೀಪುರ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ. 2009ರಲ್ಲಿ ಬಂದ ಈ ನಿಯಮ ನಮಗೆಲ್ಲ ಗೊತ್ತು. ಮದ್ದೂರು ಚೆಕ್‌ಪೋಸ್ಟನ್ನೇ ಇಟ್ಕೊಂಡು ನೋಡೋಣ.

ಸಿಂಪಲ್: ‘ದಿ ಗೇಟ್ ಕ್ಲೋಸಸ್ ಅಟ್ ನೈನ್.’ ಒಂದೇ ಜೋಡಿ. ಕನ್ನಡದಲ್ಲಿ ಸಾಮಾನ್ಯ ವಾಕ್ಯ.

ಕಾಂಪೌಂಡ್: ‘ದಿ ಗೇಟ್ ಕ್ಲೋಸಸ್, ಅಂಡ್ ದಿ ಲಾರೀಸ್ ವೇಟ್.’ ಎರಡು ಜೋಡಿ. ಬಿಡಿಸಿದ್ರೆ ಎರಡೂ ತಮ್ಮಷ್ಟಕ್ಕೆ ನಿಲ್ತವೆ. ಇದು ಸಂಯೋಜಿತ ವಾಕ್ಯ.

ಕಾಂಪ್ಲೆಕ್ಸ್: ‘ಇಫ್ ಯು ಕಮ್ ಲೇಟ್, ಯು ಮಸ್ಟ್ ವೇಟ್.’ ‘ನೀವು ಲೇಟಾಗಿ ಬಂದ್ರೆ’ ಅಂತ ಹೇಳಿ ಸುಮ್ಮನಾದ್ರೆ ಮಾತು ಮುಗಿಯಲ್ಲ. ಒಂದು ಭಾಗ ಇನ್ನೊಂದಕ್ಕೆ ಅಧೀನ. ಇದು ಮಿಶ್ರ ವಾಕ್ಯ.

ಕಾಂಪೌಂಡ್-ಕಾಂಪ್ಲೆಕ್ಸ್: ‘ಇಫ್ ಯು ಕಮ್ ಲೇಟ್, ದಿ ಗೇಟ್ ವಿಲ್ ಬಿ ಕ್ಲೋಸ್ಡ್, ಅಂಡ್ ಯು ಮಸ್ಟ್ ವೇಟ್.’ ಸ್ವತಂತ್ರ ಭಾಗ ಎರಡು, ಅಧೀನ ಭಾಗ ಒಂದು.

ಮಕ್ಕಳು ಎಡವೋದು ಎಲ್ಲಿ ಅಂದ್ರೆ, ‘ಅಂಡ್’ ಕಂಡ ತಕ್ಷಣ ಕಾಂಪೌಂಡ್ ಅಂತ ಬರೀತಾರೆ. ‘ಹಿ ಕ್ಲೋಸ್ಡ್ ದಿ ಶಾಪ್ ಅಂಡ್ ವೆಂಟ್ ಹೋಮ್’ ಅಂದಾಗ ಕೆಲಸ ಎರಡಿದ್ರೂ ಮಾಡಿದವನು ಒಬ್ಬನೇ, ಎರಡನೇ ಕರ್ತೃ ಇಲ್ಲ. ಶಾಲೆ ವ್ಯಾಕರಣದಲ್ಲಿ ಇದು ಸಿಂಪಲ್ಲೇ.

ದೊಡ್ಡವರು ಎಡವೋದು ಬೇರೆ ಕಡೆ. ಕನ್ನಡದಲ್ಲಿ ‘ಕಟ್ಟದಿದ್ರೆ’, ‘ಬಂದ್ರೆ’ ಅನ್ನೋ ಷರತ್ತು ಸಾಮಾನ್ಯವಾಗಿ ಮೊದಲು ಬರುತ್ತೆ. ಇಂಗ್ಲಿಷಲ್ಲಿ ಅದು ವಾಕ್ಯದ ಬಾಲದಲ್ಲೂ ಇರಬಹುದು. ‘ದಿ ಲೀಸ್ ಎಂಡ್ಸ್ ಇನ್ ಮಾರ್ಚ್ ಅನ್‌ಲೆಸ್ ಯು ರಿನ್ಯೂ ಇಟ್’ ಅಂತಿದ್ರೆ, ನೀವು ರಿನ್ಯೂ ಮಾಡಿಸದಿದ್ರೆ ಮಾರ್ಚ್‌ಗೆ ಅಂಗಡಿ ಕರಾರು ಮುಗೀತು ಅಂತ. ಅರ್ಧ ಓದಿದವರಿಗೆ ಕರಾರು ಮುಗಿಯೋದು ಮಾತ್ರ ಕಾಣುತ್ತೆ, ಉಳಿಸಿಕೊಳ್ಳೋ ದಾರಿ ಕಾಣಲ್ಲ.

ಹಾಗಾಗಿ ಪತ್ರ ಕೈಗೆ ಬಂದಾಗ ಫುಲ್‌ಸ್ಟಾಪ್ ತನಕ ಓದಿ. ಇಫ್, ಅನ್‌ಲೆಸ್, ಅಂಟಿಲ್ ಕಂಡಲ್ಲಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಷರತ್ತು ಯಾರ ಮೇಲಿದೆ ನೋಡ್ಕೊಂಡು ಆಮೇಲೆ ಸಹಿ ಹಾಕಿ.