‘ನೆಟ್ ಇಲ್ಲದೆ ಮೊಬೈಲ್‌ನಲ್ಲೇ ಎಐ ಟ್ಯೂಷನ್’: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

‘ಇನ್ಮೇಲೆ ಟ್ಯೂಷನ್ ಬೇಡ, ನೆಟ್ ಕೂಡ ಬೇಡ. ಈ ಎಐ ಆ್ಯಪ್ ಹಾಕಿಕೊಂಡರೆ ಎಸ್ಸೆಸ್ಸೆಲ್ಸಿ ಪಾಠವೆಲ್ಲ ಮೊಬೈಲೇ ಹೇಳಿಕೊಡುತ್ತೆ.’ ಈ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ ಇದೆ. ಯಾವ ಅರ್ಧ ಎಂದು ತಿಳಿಯದೆ ನಂಬಿದರೆ ಮಗು ತಪ್ಪು ಉತ್ತರವನ್ನೇ ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗಬಹುದು.

ನಿಜ ಎಷ್ಟು?

ಚಾಟ್‌ಜಿಪಿಟಿಯಂಥ ಸೇವೆಗಳ ಹಿಂದಿರುವ ದೊಡ್ಡ ಭಾಷಾ ಮಾದರಿಗಳು ದೂರದ ಡೇಟಾ ಸೆಂಟರ್‌ಗಳಲ್ಲಿ ಕೆಲಸ ಮಾಡುತ್ತವೆ. ಹಾಗಾಗಿ ನೆಟ್ ಬೇಕೇ ಬೇಕು. ಸಣ್ಣ ಭಾಷಾ ಮಾದರಿಗಳನ್ನು ಫೋನಿಗೇ ಇಳಿಸಿಕೊಳ್ಳಬಹುದು. ಮಾದರಿ ಕಲಿತದ್ದೆಲ್ಲ ಅದರೊಳಗೆ ಸಂಖ್ಯೆಗಳಾಗಿ ಉಳಿಯುತ್ತದೆ. 2020ರ ಜಿಪಿಟಿ-3ರಲ್ಲಿ ಇಂಥ ಸಂಖ್ಯೆಗಳು 17,500 ಕೋಟಿ. ಮೈಕ್ರೋಸಾಫ್ಟ್ 2024ರಲ್ಲಿ ಹೊರತಂದ ಫೈ-3 ಮಿನಿಯಲ್ಲಿ 380 ಕೋಟಿ ಮಾತ್ರ. ಕುಗ್ಗಿಸಿದರೆ ಅದು ಸುಮಾರು 1.8 ಜಿಬಿ ಜಾಗದಲ್ಲಿ ಕೂರುತ್ತದೆ. ಅಂದರೆ ಕನಕಪುರದ ಕಾಡಂಚಿನ ಹಳ್ಳಿಯಲ್ಲಿ ಸಿಗ್ನಲ್ ಕೈಕೊಟ್ಟರೂ ಒಳ್ಳೆಯ ಫೋನಿನಲ್ಲಿ ಇದು ನಡೆಯುತ್ತದೆ.

ತಪ್ಪು ಎಲ್ಲಿದೆ?

ಮೊದಲನೆಯದು, ಸಣ್ಣ ಮಾದರಿಯಲ್ಲಿ ಮಾಹಿತಿ ತುಂಬಿಡಲು ಜಾಗ ಕಡಿಮೆ. ಫೈ-3 ಮಾಡಿದವರೇ ತಮ್ಮ ವರದಿಯಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ. ಚನ್ನಪಟ್ಟಣದ ಗೊಂಬೆಯನ್ನು ಯಾವ ಮರದಿಂದ ಮಾಡುತ್ತಾರೆ ಎಂದು ಕೇಳಿ ನೋಡಿ. ಸರಿಯುತ್ತರ ಆಲೆ ಮರ. ಆದರೆ ಮಾದರಿ ಆಲದ ಮರ ಎನ್ನಬಹುದು, ತೇಗ ಎನ್ನಬಹುದು. ಉತ್ತರ ಗೊತ್ತಿಲ್ಲದಿದ್ದರೂ ಅದು ತಡವರಿಸುವುದಿಲ್ಲ, ಅಷ್ಟೇ ಧೈರ್ಯವಾಗಿ ಹೇಳುತ್ತದೆ.

ಎರಡನೆಯದು, ಫೋನಿಗೆ ಇಳಿಸಿಕೊಂಡ ಮಾದರಿಯ ತಿಳಿವಳಿಕೆ ತರಬೇತಿ ಮುಗಿದ ದಿನಕ್ಕೇ ನಿಂತಿರುತ್ತದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ಒಪ್ಪಿತು. ‘ಮಾಗಡಿ ಯಾವ ಜಿಲ್ಲೆಯಲ್ಲಿದೆ?’ ಎಂದು 2024ರ ಮಾದರಿಯನ್ನು ಕೇಳಿದರೆ ಈ ಬದಲಾವಣೆ ಅದಕ್ಕೆ ತಿಳಿದಿರಲು ಸಾಧ್ಯವೇ ಇಲ್ಲ.

ಮೂರನೆಯದು ಭಾಷೆ. ಹಲವು ಮಾದರಿಗಳ ಕಲಿಕೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ಆಗಿರುತ್ತದೆ. ಅವು ಕನ್ನಡದ ಒಂದು ಪದವನ್ನು ನಾಲ್ಕಾರು ತುಂಡು ಮಾಡಿ ಓದುತ್ತವೆ. ಹಾಗಾಗಿ ಉತ್ತರ ನಿಧಾನ, ವಾಕ್ಯವೂ ಎಡವುತ್ತದೆ. ಈ ಕೊರತೆ ತುಂಬಲು ಬೆಂಗಳೂರಿನ ಸರ್ವಂ ಎಐ 2024ರಲ್ಲಿ 200 ಕೋಟಿ ಗಾತ್ರದ ಸರ್ವಂ-1 ಮಾದರಿ ತಂದಿತು. ಅದು ಕಲಿತ 10 ಭಾರತೀಯ ಭಾಷೆಗಳಲ್ಲಿ ಕನ್ನಡವೂ ಒಂದು. ಭಾಷೆ ಸುಧಾರಿಸಿದರೂ ಸಣ್ಣ ಮಾದರಿಗೆ ಜಾಗದ ಮಿತಿ ಇದ್ದೇ ಇರುತ್ತದೆ.

ಹಾಗಾದರೆ ಬಳಸುವುದು ಹೇಗೆ?

ಸಣ್ಣ ಮಾದರಿಯನ್ನು ಎಲ್ಲ ಬಲ್ಲ ಮೇಷ್ಟ್ರು ಎಂದುಕೊಳ್ಳಬೇಡಿ. ಪುಸ್ತಕ ತೆರೆದಿಟ್ಟರೆ ಓದಿ ವಿವರಿಸುವ ಸಹಪಾಠಿ ಎಂದುಕೊಳ್ಳಿ.

• ಬರೀ ಪ್ರಶ್ನೆ ಕೇಳಬೇಡಿ. ಪಾಠದ ಒಂದೆರಡು ಪ್ಯಾರಾ ಕೊಟ್ಟು, ‘ಇದರಲ್ಲಿ ಇರುವುದನ್ನಷ್ಟೇ ಬಳಸಿ ಸರಳವಾಗಿ ವಿವರಿಸು, ಐದು ಪ್ರಶ್ನೆ ಮಾಡು’ ಎನ್ನಿ. ತಪ್ಪು ಕಡಿಮೆಯಾಗುತ್ತದೆ.

• ಕೆಲವು ಪಿಡಿಎಫ್‌ಗಳಿಂದ ಕನ್ನಡ ಕಾಪಿ ಮಾಡಿದರೆ ಯೂನಿಕೋಡ್ ಅಲ್ಲದ ಫಾಂಟ್‌ನಿಂದಾಗಿ ಅಕ್ಷರ ಕಲಸಿಹೋಗುತ್ತವೆ. ಪೇಸ್ಟ್ ಮಾಡಿದ್ದನ್ನು ಮೊದಲು ನೀವೇ ಓದಿ ನೋಡಿ.

• ಇಸವಿ, ಹೆಸರು, ಸೂತ್ರ, ಲೆಕ್ಕದ ಉತ್ತರ: ಈ ನಾಲ್ಕನ್ನೂ ಪುಸ್ತಕದೊಂದಿಗೆ ಹೋಲಿಸಿಯೇ ನೋಟ್ಸ್‌ಗೆ ಬರೆಯಲಿ.

• ಫಾರ್ವರ್ಡ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಳ್ಳಬೇಡಿ. ‘ಎಐ ಟ್ಯೂಷನ್’ ಎಂದು ಹೆಸರಿಟ್ಟು ಫೋನಿನ ಎಸ್ಸೆಮ್ಮೆಸ್, ಒಟಿಪಿ ಕದಿಯುವ ಆ್ಯಪ್ ಕಳಿಸುವುದು ಕಷ್ಟವೇನಲ್ಲ.

ಶಿಕ್ಷಕರು ಬೇಡವೇ?

ಬೇಕು. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ 2023ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗಿಸಿದ ‘ಶಿಕ್ಷಾ ಕೋಪೈಲಟ್’ ನೆಟ್ ಮೂಲಕ ದೊಡ್ಡ ಮಾದರಿಯನ್ನೇ ಬಳಸುತ್ತದೆ. ಆದರೂ ಅದನ್ನು ಕೊಟ್ಟದ್ದು ಶಿಕ್ಷಕರ ಕೈಗೆ, ಪಾಠ ಯೋಜನೆ ತಯಾರಿಸಲು. ಅದು ಪಠ್ಯಪುಸ್ತಕ ಆಧರಿಸಿ ಬರೆದುಕೊಡುತ್ತದೆ, ಶಿಕ್ಷಕರು ನೋಡಿ ತಿದ್ದಿಕೊಳ್ಳುತ್ತಾರೆ. ದೊಡ್ಡ ಮಾದರಿಗೇ ಇಷ್ಟು ಕಾವಲು ಬೇಕಾದರೆ, ಮಗುವಿನ ಕೈಯಲ್ಲಿರುವ ಸಣ್ಣ ಮಾದರಿಗೆ ಇನ್ನೂ ಹೆಚ್ಚು ಬೇಕು.

ನಮ್ಮ ತೀರ್ಪು: ‘ನೆಟ್ ಬೇಡ’ ಎಂಬುದು ನಿಜ, ‘ಟ್ಯೂಷನ್ ಬೇಡ, ಪಾಠವೆಲ್ಲ ಮೊಬೈಲೇ ಹೇಳಿಕೊಡುತ್ತೆ’ ಎಂಬುದು ಸುಳ್ಳು. ಆ ಸಂದೇಶ ಮತ್ತೆ ಬಂದರೆ, ‘ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬಳಸಿ’ ಎಂಬ ಒಂದು ಸಾಲನ್ನು ಗ್ರೂಪಿನಲ್ಲಿ ನೀವೇ ಬರೆಯಿರಿ.