ಮುಳ್ಳಿಗೆ ಬಣ್ಣ ಹಚ್ಚೋ ಮುಂಚೆ

ಅರಸೀಕೆರೆಯಲ್ಲಿ ಯಾವುದಾದರೂ ಸ್ಟಿಕ್ಕರ್ ಅಂಗಡಿಗೆ ಹೋಗಿ ‘ರೇಡಿಯಂ’ ಕೇಳಿ, ಬೈಕಿಗೆ ಅಂಟಿಸೋ ಮಿನುಗುವ ಸ್ಟಿಕ್ಕರ್ ಕೊಡ್ತಾರೆ. ಬೇಲೂರು, ಹಳೇಬೀಡಲ್ಲೂ ಅಷ್ಟೇ. ಬೆಳಕು ಬಿದ್ದಾಗ ಹೊಳೆಯೋದೆಲ್ಲ ನಮ್ಮ ಕಡೆ ರೇಡಿಯಂ. ಆ ಸ್ಟಿಕ್ಕರಲ್ಲಿ ನಿಜವಾದ ರೇಡಿಯಂ ಒಂದು ಕಣವೂ ಇರಲ್ಲ. ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸೋ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ, ಅಷ್ಟೇ. ಆದರೆ ತಾತನ ಹಳೇ ವಾಚಿನ ಮುಳ್ಳಲ್ಲಿ ನಿಜವಾದ ರೇಡಿಯಮ್ಮೇ ಇರಬಹುದು. ಆ ಮುಳ್ಳನ್ನು ಕೆರೆದು ಹೊಸ ಬಣ್ಣ ಹಚ್ಚೋಕೆ ಹೊರಟವರು ಈ ವ್ಯತ್ಯಾಸ ತಿಳಿದುಕೊಂಡಿರಲೇಬೇಕು.

ನಮ್ಮ ಕಡೆ ಮನೆಗಳಲ್ಲಿ ಸಿಗೋ ಹಳೇ ವಾಚು ಹೆಚ್ಚಾಗಿ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು. ಆಮೇಲೆ ತುಮಕೂರಲ್ಲೂ ಒಂದು ಕಾರ್ಖಾನೆ ಬಂತು. ಅರಸೀಕೆರೆಯಿಂದ ಬೆಂಗಳೂರಿಗೆ ರೈಲಲ್ಲಿ ಹೋಗುವಾಗ ದಾಟ್ತೀವಲ್ಲ, ಅದೇ ತುಮಕೂರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಹಾಗಾಗಿ ಒರಿಜಿನಲ್ ಮುಳ್ಳು ಇನ್ನು ಹೊಸದಾಗಿ ಬರೋದಿಲ್ಲ, ಇರೋದನ್ನೇ ಸರಿಮಾಡ್ಕೋಬೇಕು. ಕೀ ಕೊಡೋ ಸಾದಾ ಜನತಾ ವಾಚಿನ ಮುಳ್ಳಿಗೆ ಸಾಮಾನ್ಯವಾಗಿ ಹೊಳೆಯುವ ಬಣ್ಣ ಇರಲ್ಲ. ಅಲ್ಲಿರೋ ಸಮಸ್ಯೆ ತೇವ ಮತ್ತು ತುಕ್ಕು. ಬೇಲೂರಿನ ಮಳೆಗಾಲ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಅನುಮಾನ ಪಡಬೇಕಾದದ್ದು ಅದಕ್ಕಿಂತ ಹಳೆಯ ವಿದೇಶಿ ವಾಚುಗಳನ್ನ. 1960ಕ್ಕಿಂತ ಮುಂಚಿನ ವಾಚು, ಮುಳ್ಳಲ್ಲೂ ಅಂಕಿಗಳಲ್ಲೂ ಕಂದು ಬಣ್ಣಕ್ಕೆ ತಿರುಗಿದ ಪುಡಿಪುಡಿ ಲೇಪ ಇದ್ದರೆ ಅದು ರೇಡಿಯಂ ಅಂತಲೇ ಎಣಿಸಿ. ‘ರಾತ್ರಿ ಹೊಳೆಯಲ್ಲ, ಪವರ್ ಮುಗಿದಿದೆ’ ಅಂತ ಕೆಲವರು ಹೇಳ್ತಾರೆ. ಇದು ಅಪಾಯದ ಮಾತು. ಆ ಬಣ್ಣದಲ್ಲಿ ಎರಡು ವಸ್ತು ಇರುತ್ತೆ: ವಿಕಿರಣ ಬಿಡೋ ರೇಡಿಯಂ, ಅದು ತಗುಲಿದಾಗ ಹೊಳೆಯೋ ಝಿಂಕ್ ಸಲ್ಫೈಡ್. ಏಟು ತಿಂದು ತಿಂದು ಮೊದಲು ಸಾಯೋದು ಝಿಂಕ್ ಸಲ್ಫೈಡ್. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಲೆಕ್ಕ ಹಾಕಿ ನೋಡಿ, 70 ವರ್ಷ ಆದಮೇಲೂ ಶೇ. 97ರಷ್ಟು ಹಾಗೇ ಉಳಿದಿರುತ್ತೆ.

ಗಾಜಿನ ಒಳಗೆ ಇರೋವರೆಗೆ ಅದರ ಆಲ್ಫಾ ಕಣಗಳು ಹೊರಗೆ ಬರಲ್ಲ. ಕೆರೆದಾಗ ಧೂಳಾಗಿ ಮೂಗಿಗೆ, ಬಾಯಿಗೆ ಹೋದರೆ ಕಥೆ ಬೇರೆ. ಪೀರಿಯಾಡಿಕ್ ಟೇಬಲಲ್ಲಿ ರೇಡಿಯಂ ಕ್ಯಾಲ್ಸಿಯಂನ ಗುಂಪಿನದೇ, ಅದಕ್ಕೇ ದೇಹ ಅದನ್ನ ಮೂಳೆಯಲ್ಲಿ ತುಂಬಿಕೊಳ್ಳುತ್ತೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನ ಫ್ಯಾಕ್ಟರಿಯಲ್ಲಿ ಡಯಲ್ ಬರೆಯೋ ಹುಡುಗಿಯರು ಬ್ರಷ್ ತುದಿ ಚೂಪಾಗಲಿ ಅಂತ ತುಟಿಗೆ ಇಟ್ಟುಕೊಳ್ತಿದ್ದರು. ಹಾಗೇ ಮಾಡಿ ಅಂತ ಹೇಳಿಕೊಟ್ಟಿದ್ದೂ ಕಂಪನಿಯವರೇ. ದವಡೆ ಮೂಳೆ ಕೊಳೆತು ಹಲವರು ಸತ್ತರು. ಐವರು ಹಾಕಿದ್ದ ಕೇಸು 1928ರಲ್ಲಿ ರಾಜಿಯಾಯಿತು. ಅವರಲ್ಲಿ ಹೆಚ್ಚಿನವರು ಕೆಲಸಕ್ಕೆ ಸೇರುವಾಗ ನಮ್ಮ ವಯಸ್ಸಿನವರು, ಕೆಲವರು ಇನ್ನೂ ಚಿಕ್ಕವರು.

ಡಯಲಿನ ಕೆಳಗೆ 6ರ ಹತ್ತಿರ ‘ಟಿ’ ಅಕ್ಷರ ಇದ್ದರೆ ಅದು ಟ್ರಿಟಿಯಂ. ಅರ್ಧಾಯುಷ್ಯ ಬರೀ 12 ವರ್ಷ ಚಿಲ್ಲರೆ, ಅಪಾಯ ತುಂಬಾ ಕಡಿಮೆ. ಆದರೂ ಕೆರೆಯೋ ಕೆಲಸ ಬೇಡ. ಯಾವುದೂ ಗೊತ್ತಾಗಲಿಲ್ಲ ಅಂದ್ರೆ ವಾಚ್ ಬಿಚ್ಚದೆ ಫಿಸಿಕ್ಸ್ ಲ್ಯಾಬಿಗೆ ತಗೊಂಡು ಹೋಗಿ. ಜಿಎಂ ಕೌಂಟರ್ ಇದ್ದರೆ ಎರಡು ನಿಮಿಷದ ಕೆಲಸ. ಕೌಂಟ್ ಏರಿದರೆ ವಾಚನ್ನು ಮುಚ್ಚಿದಂತೆಯೇ ಇಟ್ಟುಬಿಡಿ.

ಸಾದಾ ಮುಳ್ಳೇ ಅಂತ ಖಾತ್ರಿಯಾದರೆ ಕೆಲಸ ಖುಷಿ ಕೊಡುತ್ತೆ. ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಸೆಕೆಂಡ್ ಮುಳ್ಳು, ನಿಮಿಷದ್ದು, ಗಂಟೆಯದ್ದು, ಈ ಕ್ರಮದಲ್ಲಿ ನೇರ ಮೇಲಕ್ಕೆ ಎತ್ತಬೇಕು. ತುಕ್ಕನ್ನು ಮೆಲ್ಲಗೆ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಟೂತ್‌ಪಿಕ್ ತುದಿಗೆ ಸಿಕ್ಕಿಸಿ ಬಣ್ಣ ಹಚ್ಚಿ. ನೈಲ್ ಪಾಲಿಶ್ ದಪ್ಪ, ಬೇಡ. ತೆಳು ಮಾಡಿದ ಎನಾಮೆಲ್ ಎರಡು ಮೂರು ಕೋಟ್ ಸಾಕು. ಒಣಗೋವರೆಗೆ ಲೋಟ ಬೋರಲು ಹಾಕಿಡಿ, ಧೂಳು ಕೂರಲ್ಲ. ತೂತಿನ ಒಳಗೆ ಮಾತ್ರ ಬಣ್ಣ ಹೋಗಬಾರದು. ಮುಳ್ಳು ನಿಲ್ಲೋದೇ ಬಿಗಿ ಹಿಡಿತದ ಮೇಲೆ, ವರ್ಕ್‌ಶಾಪಲ್ಲಿ ಕಲಿತ ಇಂಟರ್‌ಫಿಯರೆನ್ಸ್ ಫಿಟ್ ಇದೇ.

ಮುಳ್ಳಿನ ನಡುವೆ ಖಾಲಿ ಕಿಟಕಿ ಇದ್ದು ಹೊಳೆಯೋ ಬಣ್ಣ ತುಂಬಬೇಕಿದ್ದರೆ ಈಗ ಸಿಗೋ ಸ್ಟ್ರಾಂಷಿಯಂ ಅಲ್ಯುಮಿನೇಟ್ ಪುಡಿ ತಗೊಳ್ಳಿ, ಅದರಲ್ಲಿ ವಿಕಿರಣ ಇಲ್ಲ. ನೀರು ತಗುಲಿದರೆ ಕೆಡುತ್ತೆ, ಅದಕ್ಕೆ ವಾರ್ನಿಷಲ್ಲೇ ಕಲಸಿ. ಮುಳ್ಳನ್ನ ಬೋರಲಾಗಿಟ್ಟು ಹಿಂಭಾಗದಿಂದ ಒಂದು ಹನಿ ಎಳೆದರೆ ಸಾಬೂನಿನ ಪೊರೆ ಥರ ಮೇಲ್ಮೈ ಎಳೆತವೇ ಅದನ್ನ ಕಿಟಕಿಯಲ್ಲಿ ಹಿಡಿದು ನಿಲ್ಲಿಸುತ್ತೆ.

ಡಯಲಿಗೆ ಮಾತ್ರ ಕೈ ಹಾಕಬೇಡಿ. ಆನ್‌ಲೈನಲ್ಲಿ ಬಣ್ಣಬಣ್ಣದ ಹೊಸ ಡಯಲ್ ಹಾಕಿದ ‘ಹಳೇ’ ಜನತಾಗಳು ರಾಶಿ ಬಿದ್ದಿವೆ. ನನಗಂತೂ ಮಾಸಿದ ಒರಿಜಿನಲ್ಲೇ ಚೆಂದ. ವಾಪಸ್ ಹಾಕುವಾಗ ಗಂಟೆ ಮುಳ್ಳು, ನಿಮಿಷದ ಮುಳ್ಳು ಎರಡನ್ನೂ ಸರಿಯಾಗಿ 12ಕ್ಕೆ ಕೂರಿಸಿ, 12 ಗಂಟೆ ಪೂರ್ತಿ ತಿರುಗಿಸಿ ನೋಡಿ. ಒಂದಕ್ಕೊಂದು ತಾಕದಿದ್ದರೆ ಸೆಕೆಂಡ್ ಮುಳ್ಳು ಒತ್ತಿ, ಮುಚ್ಚಳ ಹಾಕಿ, ಕೀ ಕೊಡಿ.