ಬೆನ್ನಿನ ಸಿಲಿಂಡರ್ ಮೈಗೆ ಕೂರಬೇಕು

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು, ಹೆದ್ದಾರಿ 66ರ ಬದಿಯಲ್ಲಿದ್ದ ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ನೌಕಾಪಡೆಯ ಮುಳುಗುತಜ್ಞರು ಬಂದರು. ಮಲ್ಪೆಯಿಂದ ಮುಳುಗುತಜ್ಞ ಈಶ್ವರ ಮಲ್ಪೆಯವರ ತಂಡವೂ ಬಂತು. ಮಳೆಗಾಲದ ಕೆಂಪು ನೀರು, ಕಾಲೂರಲು ಬಿಡದ ಸೆಳವು, ತಳದಲ್ಲಿ ಗುಡ್ಡದ ಮಣ್ಣು, ಬಂಡೆ, ಮುರಿದ ಮರ. ಕೇರಳದ ಚಾಲಕರೊಬ್ಬರ ಲಾರಿ ಪತ್ತೆಯಾದದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜ್ಜರ್ ತರಿಸಿ ಹೂಳೆತ್ತಿದ ಮೇಲೆ. ಆ ನಡುವೆ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆಯೂ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಅದರ ಚಾಲಕ ಬದುಕಿದ.

ಆ ವಾರಗಳಲ್ಲಿ ಎಲ್ಲರೂ ನೀರಿಗಿಳಿಯುವವರ ಧೈರ್ಯದ ಬಗ್ಗೆ ಮಾತಾಡಿದರು. ಅದು ನ್ಯಾಯವೇ. ಆದರೆ ಧೈರ್ಯವಿದ್ದವನನ್ನು ಕ್ಷೇಮವಾಗಿ ಮೇಲೆ ತರುವ ಸಾಮಾನಿನ ಬಗ್ಗೆ, ಅದರಲ್ಲೂ ಸಿಲಿಂಡರನ್ನು ಮೈಗೆ ಹಿಡಿದಿಡುವ ಪಟ್ಟಿ, ಬಕಲ್, ತೇಲಲು ಗಾಳಿ ತುಂಬುವ ಜಾಕೆಟ್‌ಗಳ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಇವು ಸರಿಯಾಗಿ ಕೂರುವುದನ್ನು ಆರಾಮದ ವಿಷಯವೆಂದು ತಿಳಿದವರು ಹೆಚ್ಚು. ನೀರಿನೊಳಗೆ ಅದು ಉಸಿರಿನ ವಿಷಯ. ಜಾರುವ ಸಿಲಿಂಡರನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುವವನು ಬೇಗ ದಣಿಯುತ್ತಾನೆ, ದಣಿದವನು ಹೆಚ್ಚು ಗಾಳಿ ಎಳೆಯುತ್ತಾನೆ, ಇರುವ ಗಾಳಿ ಬೇಗ ಮುಗಿಯುತ್ತದೆ.

ಸುದ್ದಿಯಲ್ಲಿ ಆಕ್ಸಿಜನ್ ಸಿಲಿಂಡರ್ ಎಂದು ಬರೆದರೂ ಅದರೊಳಗೆ ಸಾಮಾನ್ಯವಾಗಿ ಇರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಹೆಚ್ಚು ಬಳಕೆಯಲ್ಲಿರುವ ಅಲ್ಯೂಮಿನಿಯಂ ಸಿಲಿಂಡರ್ ಸುಮಾರು 11 ಲೀಟರಿನದು. 200 ಬಾರ್ ಒತ್ತಡದಲ್ಲಿ ತುಂಬಿದರೆ ಆ ಗಾಳಿಯೊಂದೇ ಎರಡೂವರೆ ಕಿಲೋಗೂ ಹೆಚ್ಚು ತೂಗುತ್ತದೆ. ಇಳಿಯುವಾಗ ಬೆನ್ನ ಮೇಲೆ ಭಾರವಾಗಿ ಕೂತ ಸಿಲಿಂಡರ್ ಗಾಳಿ ಖಾಲಿಯಾದಂತೆ ಹಗುರಾಗಿ ಕೊನೆಗೆ ತೇಲತೊಡಗುತ್ತದೆ, ಬೆನ್ನನ್ನು ಮೇಲಕ್ಕೆ ಎಳೆಯುತ್ತದೆ. ಪಟ್ಟಿ ಸಡಿಲವಿದ್ದರೆ ಮೊದಲ ಹತ್ತು ನಿಮಿಷದಲ್ಲಿ ಗೊತ್ತಾಗದ ತೊಂದರೆ ಮೇಲೆ ಬರುವ ಹೊತ್ತಿಗೆ ಗೊತ್ತಾಗುತ್ತದೆ.

ಕೆಲಸ ಶುರುವಾಗಬೇಕಾದದ್ದು ಸಿಲಿಂಡರನ್ನು ಜಾಕೆಟ್ಟಿಗೆ ಬಿಗಿಯುವ ಅಗಲ ಪಟ್ಟಿಯಿಂದ. ಅದನ್ನು ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ನೈಲಾನ್ ಪಟ್ಟಿ ಒದ್ದೆಯಾದಾಗ ಹಿಗ್ಗುತ್ತದೆ. ಒಣಗಿದ್ದಾಗ ಬಿಗಿದು ನೀರಿಗಿಳಿದರೆ ಅಲ್ಲೇ ಸಡಿಲಾಗಿ ಸಿಲಿಂಡರ್ ಕೆಳಗೆ ಜಾರುತ್ತದೆ. ಬಿಗಿದ ಮೇಲೆ ಜಾಕೆಟ್ಟಿನ ಹಿಡಿಕೆ ಹಿಡಿದು ಎತ್ತಿ ಅಲುಗಿಸಬೇಕು. ಸಿಲಿಂಡರ್ ಒಂದಿಷ್ಟೂ ಸರಿಯಬಾರದು. ಎತ್ತರವನ್ನೂ ಅಲ್ಲೇ ನೋಡಿಕೊಳ್ಳಬೇಕು: ಜಾಕೆಟ್ ತೊಟ್ಟು ತಲೆ ಹಿಂದಕ್ಕೆ ಬಾಗಿಸಿದರೆ ಸಿಲಿಂಡರಿನ ಬಾಯಿಗೆ ಕೂರಿಸಿದ ರೆಗ್ಯುಲೇಟರ್ ತಲೆಗೆ ಬಡಿಯಬಾರದು, ಹಾಗೆಂದು ಸಿಲಿಂಡರಿನ ಬುಡ ತೊಡೆಯ ಹಿಂಭಾಗಕ್ಕೆ ತಾಗುವಷ್ಟು ಇಳಿದಿರಲೂಬಾರದು. ಗಿಡ್ಡ ಬೆನ್ನಿನವರಿಗೆ ಈ ಎರಡೂ ತೊಂದರೆ ಒಟ್ಟಿಗೇ ಬರುತ್ತವೆ. ಅವರು ಗಿಡ್ಡ ಸಿಲಿಂಡರ್ ಕೇಳಿ ಪಡೆಯುವುದೇ ದಾರಿ.

ತೊಡುವ ಮುಂಚೆ ಭುಜದ ಪಟ್ಟಿಗಳನ್ನು ಪೂರ್ತಿ ಸಡಿಲಿಸಬೇಕು. ಮೊದಲು ಸೊಂಟದ ಬೆಲ್ಟ್, ಆಮೇಲೆ ಭುಜ, ಕೊನೆಗೆ ಎದೆಯ ಪಟ್ಟಿ. ಅಂಕೋಲೆಯ ಮೀನುಪೇಟೆಯಲ್ಲಿ ಹೆಂಗಸರು ತಲೆಗೆ ಸಿಂಬೆ ಇಟ್ಟು, ಅದು ಸರಿಯಾಗಿ ಕೂತಿತೆಂದು ಖಾತ್ರಿಯಾದ ಮೇಲೇ ಬುಟ್ಟಿ ಎತ್ತಿಕೊಳ್ಳುತ್ತಾರೆ. ಇಲ್ಲಿ ಆ ಖಾತ್ರಿ ಸೊಂಟದಲ್ಲಿ ಆಗಬೇಕು. ಭುಜವನ್ನೇ ಮೊದಲು ಬಿಗಿದರೆ ಜಾಕೆಟ್ ಮೇಲೇರಿ ಕೂರುತ್ತದೆ, ಭಾರವೆಲ್ಲ ಕುತ್ತಿಗೆಗೆ. ಎಲ್ಲ ಬಿಗಿದಾದ ಮೇಲೆ ಜಾಕೆಟ್ಟಿಗೆ ಪೂರ್ತಿ ಗಾಳಿ ತುಂಬಿ ಆಳವಾಗಿ ಉಸಿರೆಳೆದು ನೋಡಿ. ಎದೆ ಹಿಚುಕಿದಂತಾದರೆ ಪಟ್ಟಿ ಬಿಗಿಯಾಯಿತು ಅಥವಾ ಜಾಕೆಟ್ಟೇ ಚಿಕ್ಕದಾಯಿತು. ಕಾಲುಗಳ ನಡುವೆ ಹಾದುಬರುವ ಪಟ್ಟಿ ಕೆಲವು ಜಾಕೆಟ್‌ಗಳಲ್ಲಿರುತ್ತದೆ. ಮುಜುಗರಪಟ್ಟು ಅದನ್ನು ಬಿಡುವವರಿದ್ದಾರೆ. ನೀರಿನ ಮೇಲೆ ತೇಲುವಾಗ ಜಾಕೆಟ್ ಕಿವಿಯವರೆಗೆ ಏರದಂತೆ ತಡೆಯುವುದು ಅದೇ. ಆಳಕ್ಕೆ ಹೋದಾಗ ಇನ್ನೊಮ್ಮೆ ಸೊಂಟದ ಬೆಲ್ಟ್ ನೋಡಿಕೊಳ್ಳಬೇಕು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ರಬ್ಬರಿನ ಈಜುಡುಗೆ ಕುಗ್ಗುತ್ತದೆ, ದಡದಲ್ಲಿ ಬಿಗಿಯಾಗಿದ್ದ ಬೆಲ್ಟ್ ಅಲ್ಲಿ ಸಡಿಲವಾಗಿರುತ್ತದೆ.

ನೀರಲ್ಲಿ ಅಡ್ಡವಾಗಿ ತೇಲಲು ಹೋದಾಗ ಕಾಲು ಕೆಳಗಿಳಿಯುತ್ತಿದ್ದರೆ ಮುಂದಿನ ಸಲ ಸಿಲಿಂಡರನ್ನು ತುಸು ಮೇಲಕ್ಕೆ ಕಟ್ಟಿ. ತಲೆ ಇಳಿಯುತ್ತಿದ್ದರೆ ತುಸು ಕೆಳಕ್ಕೆ. ಒಂದೆರಡು ಇಂಚಿನ ವ್ಯತ್ಯಾಸವೂ ಮೈಗೆ ಗೊತ್ತಾಗುತ್ತದೆ.

ಇಷ್ಟೂ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗುವ ಪ್ರವಾಸಿಗೂ ಬೇಕು, ಕಾರವಾರದ ಕಡಲಲ್ಲಿ ಮೀನು ಸಾಕುವ ಪಂಜರಗಳ ಬಲೆ ಪರೀಕ್ಷಿಸಲು ಮುಳುಗುವವರಿಗೂ ಬೇಕು. ಗಂಗಾವಳಿಯಂಥ ನದಿಗೆ ಇಳಿಯುವವನಿಗೆ ಇದರ ಮೇಲೆ ಇನ್ನೂ ಕೆಲವು ಬೇಕು. ಮೊದಲನೆಯದು ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ. ಕಡಲ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಸಾಂದ್ರ. ಸಾಮಾನೆಲ್ಲ ಸೇರಿ 100 ಕಿಲೋ ತೂಗುವವನು ನೇತ್ರಾಣಿಯಲ್ಲಿ ಕಟ್ಟಿದ ಸೀಸವನ್ನೇ ಮಳೆಗಾಲದ ಹೊಳೆಯಲ್ಲೂ ಕಟ್ಟಿದರೆ ಹತ್ತಿರ ಹತ್ತಿರ ಎರಡೂವರೆ ಕಿಲೋ ಹೆಚ್ಚು ಹೊತ್ತು ಮುಳುಗುತ್ತಾನೆ. ಕಣ್ಣು ಕಾಣದ ಕೆಸರಿನಲ್ಲಿ ಅದು ಸಣ್ಣ ಮಾತಲ್ಲ. ಇನ್ನು ಸೆಳವು: ನೀರಿನ ವೇಗ ಎರಡು ಪಟ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಜೋತುಬಿದ್ದ ಪಟ್ಟಿ, ಹೊರಗೆ ಚಾಚಿದ ಕೊಳವೆ ಎಲ್ಲವೂ ಆ ಬಲಕ್ಕೆ ಸಿಗುತ್ತವೆ, ಮುಳುಗಿದ ಮರದ ಕೊಂಬೆಗೂ ಸಿಗುತ್ತವೆ. ಬಿಗಿದಾದ ಮೇಲೆ ಉಳಿದ ಪಟ್ಟಿಯ ತುದಿಗಳನ್ನು ಒಳಕ್ಕೆ ಸೇರಿಸಲೇಬೇಕು.

ಎಲ್ಲಕ್ಕಿಂತ ದೊಡ್ಡದು ಹಗ್ಗ. ದಡದಲ್ಲೋ ದೋಣಿಯಲ್ಲೋ ನಿಂತವರು ಹಿಡಿದಿರುವ ಹಗ್ಗವನ್ನು ಸಿಲಿಂಡರಿನ ವಾಲ್ವಿಗೆ ಅಥವಾ ಜಾಕೆಟ್ಟಿನ ಕೊಂಡಿಗೆ ಕಟ್ಟಬಾರದು. ಜಾಕೆಟ್ಟಿನ ಕೆಳಗೆ, ಮೈಗೆ ನೇರವಾಗಿ ತೊಟ್ಟ ಬೇರೆಯದೇ ಹಾರ್ನೆಸ್ ಇರಬೇಕು, ಹಗ್ಗ ಅದಕ್ಕೆ ಸೇರಬೇಕು. ತಳದಲ್ಲಿ ಎಲ್ಲೋ ಸಿಕ್ಕಿಕೊಂಡು ಜಾಕೆಟ್, ಸಿಲಿಂಡರ್ ಕಳಚಿ ಬಿಡಬೇಕಾಗಿ ಬಂದರೂ ಹಗ್ಗ ಮನುಷ್ಯನ ಜೊತೆಗೇ ಉಳಿಯಬೇಕು. ಮೇಲಿನವರು ಎಳೆದಾಗ ಬರಿಯ ಜಾಕೆಟ್ ಕೈಗೆ ಬರುವಂತಾಗಬಾರದು.

ಉತ್ತರ ಕನ್ನಡದಲ್ಲಿ ಹೊಳೆಗೆ ಬಿದ್ದವರನ್ನು ಹುಡುಕಲು ಮೊದಲು ಇಳಿಯುವವರು ಹೆಚ್ಚಾಗಿ ಊರಿನವರೇ, ಈಜು ಬಲ್ಲ ಮೀನುಗಾರರೇ. ಕರೆ ಬಂದ ತಕ್ಷಣ ಸಿಕ್ಕಿದ್ದನ್ನು ತೊಟ್ಟು ಹಾರುವ ಸ್ಥಿತಿಗೆ ಅವರನ್ನು ದೂಡಬಾರದು. ಒಬ್ಬನ ಮೈಗೆ ಸರಿಹೋದ ಜಾಕೆಟ್ ಇನ್ನೊಬ್ಬನ ಮೈಯಲ್ಲಿ ತಿರುಗುತ್ತದೆ. ಕಾರವಾರ, ಅಂಕೋಲಾದ ಹೊಳೆದಂಡೆಗಳಲ್ಲಿ ಈ ಕೆಲಸಕ್ಕೆ ಮುಂದಾಗುವವರ ಅಳತೆ ತೆಗೆದು, ಬೇರೆ ಬೇರೆ ಗಾತ್ರದ ಜಾಕೆಟ್, ಪ್ರತ್ಯೇಕ ಹಾರ್ನೆಸ್ ಮತ್ತು ಹಗ್ಗವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಸಿದ್ಧವಿಟ್ಟು, ತೊಡುವ ಅಭ್ಯಾಸವನ್ನೂ ಮಾಡಿಸಬೇಕೆಂದು ಜಿಲ್ಲಾಡಳಿತವನ್ನು ಕೇಳುತ್ತೇನೆ.